ಉಣ್ಣುತ್ತಿದೆ ಅಂದರೆ ನೋವಿಲ್ಲ ಅಂತಲ್ಲ: ನಾಯಿ, ಬೆಕ್ಕಿನ ಹಲ್ಲಿನ ತೊಂದರೆ ಪತ್ತೆ ಹಚ್ಚುವ ಕೈಪಿಡಿ

ರಾಯಚೂರಿನ ನಮ್ಮ ಮನೆಯ ನಾಯಿ ರಾಜನ ಬಲಗಣ್ಣಿನ ಕೆಳಗೆ ಒಮ್ಮೆ ಸಣ್ಣ ಊತ ಬಂತು. ಜಾಲಿ ಮುಳ್ಳು ಚುಚ್ಚಿರಬೇಕು ಅಂದುಕೊಂಡೆವು. ಇಂಜೆಕ್ಷನ್ ಕೊಡಿಸಿದೆವು, ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಮತ್ತೆ ಇಂಜೆಕ್ಷನ್. ಮೂರನೇ ಸಲ ಊತ ಒಡೆದು ಕೀವು ಸುರಿಯಿತು. ಆಗ ಒಬ್ಬ ಡಾಕ್ಟರು ತುಟಿ ಎತ್ತಿ ನೋಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಸೀಳಿತ್ತು. ಅಷ್ಟು ತಿಂಗಳೂ ಅದು ಆ ಹಲ್ಲು ಇಟ್ಟುಕೊಂಡೇ ರೊಟ್ಟಿ ತಿಂದಿತ್ತು, ನಮ್ಮನ್ನು ಕಂಡರೆ ಬಾಲ ಅಲ್ಲಾಡಿಸಿತ್ತು. "ಉಣ್ಣಾಕತ್ತೈತಲ್ಲ, ಆರಾಮ ಐತಿ" ಅಂತ ನಾವು ಸುಮ್ನಿದ್ದೆವು.

ಹಲ್ಲು ನೋವಿಗೆ ನಾಯಿ, ಬೆಕ್ಕು ಅಳುವುದಿಲ್ಲ. ಊಟ ಬಿಡುವುದು ತೀರಾ ಕೊನೆಗೆ. ಅದಕ್ಕೂ ಮುಂಚೆ ಕಾಣುವ ಲಕ್ಷಣಗಳನ್ನು ಹಿಡಿದು ಇದನ್ನು ಬರೆದಿದ್ದೇನೆ. ಖರ್ಚಿಲ್ಲದೆ ಮನೆಯಲ್ಲಿ ನೋಡಬಹುದಾದದ್ದು ಮೊದಲು, ಡಾಕ್ಟರ ಕೆಲಸ ಆಮೇಲೆ.

## ಬಾಯಿಗೆ ಕೈ ಹಾಕುವ ಮುಂಚೆ

ನಾಯಿಯ ಕೆಳದವಡೆ ಜೋತು ಬಿದ್ದಿದೆ, ಜೊಲ್ಲು ನಿಲ್ಲುತ್ತಿಲ್ಲ, ನೀರು ನುಂಗಲು ಆಗುತ್ತಿಲ್ಲ, ಬೊಗಳುವ ದನಿ ಬದಲಾಗಿದೆ. ಇಷ್ಟು ಕಂಡರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಬಹಳ ಜನ ಕೈ ಹಾಕಿಬಿಡುತ್ತಾರೆ. ರೇಬೀಸ್ ಕೂಡ ಹೀಗೇ ಕಾಣುತ್ತದೆ. ಲಸಿಕೆ ಹಾಕಿಸದ ನಾಯಿ, ಬೇರೆ ನಾಯಿಗಳ ಜೊತೆ ಕಚ್ಚಾಡಿ ಬಂದ ನಾಯಿ, ಒಮ್ಮೆಲೇ ಸ್ವಭಾವ ಬದಲಾದ ನಾಯಿ ಆಗಿದ್ದರೆ ಬಾಯಿ ಮುಟ್ಟಲೇಬೇಡಿ. ಬೆಕ್ಕಿಗೂ ಇದೇ ಮಾತು. ಒಂದು ಕೋಣೆಯಲ್ಲಿ ಕೂಡಿ, ಮಕ್ಕಳನ್ನು ದೂರ ಇಡಿ, ಪಶುವೈದ್ಯರಿಗೆ ಫೋನ್ ಮಾಡಿ.

ಹಲ್ಲು ತಾಗಿ ಚರ್ಮ ತರಚಿದ್ದರೆ, ಅಥವಾ ಜೊಲ್ಲು ನಿಮ್ಮ ಗಾಯಕ್ಕೆ ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರಿನಿಂದ ತೊಳೆಯಿರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಖಾರದ ಪುಡಿ, ಸುಣ್ಣ, ಅರಿಸಿನ ಹಚ್ಚುತ್ತಾ ಹೊತ್ತು ಕಳೆಯಬೇಡಿ.

ರೇಬೀಸ್ ಅನುಮಾನ ಇಲ್ಲದಿದ್ದರೂ ಒಂದು ಎಚ್ಚರ ಬೇಕು. ನೋವಿರುವ ಬಾಯಿ ಕಚ್ಚುತ್ತದೆ, ಎಷ್ಟೇ ಪ್ರೀತಿಯ ನಾಯಿ ಆಗಿರಲಿ. ಗುರ್ ಅಂದರೆ ಅಲ್ಲಿಗೆ ನಿಲ್ಲಿಸಿ.

## ತುಟಿ ಎತ್ತಿ ನೋಡುವ ಬಗೆ

ಮುಂದಿನ ಎಲ್ಲ ಲಕ್ಷಣಗಳಿಗೂ ಇದೇ ಮೊದಲ ಪರೀಕ್ಷೆ. ಕಾಸು ಖರ್ಚಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ನಾಯಿ ತೇಕುತ್ತಾ ಬಾಯಿ ಬಿಟ್ಟುಕೊಂಡೇ ಕೂತಿರುತ್ತದೆ. ನಾಲಿಗೆ, ಕೆಳಗಿನ ಹಲ್ಲು ಕಾಣುತ್ತವೆ, ಬಾಯಿ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಆದರೆ ಗಾರೆ, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ, ಜಾಸ್ತಿ ಕಟ್ಟುವುದು ಮೇಲಿನ ದವಡೆ ಹಲ್ಲುಗಳ ಹೊರಬದಿಗೆ. ಕೆನ್ನೆ ಅದನ್ನು ಮುಚ್ಚಿರುತ್ತದೆ. ಅದಕ್ಕೇ ಸಂಜೆ ತಂಪಿನ ಹೊತ್ತಿಗೆ, ಪ್ರಾಣಿ ಆರಾಮಾಗಿ ಮಲಗಿರುವಾಗ, ಬಾಯಿ ಮುಚ್ಚಿರುವಂತೆಯೇ ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಹಿಂದಕ್ಕೂ ಮೇಲಕ್ಕೂ ಸರಿಸಿ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಎಡ, ಬಲ ಎರಡೂ ಕಡೆ ಫೋಟೊ ತೆಗೆದಿಡಿ. ಹೋಲಿಸಿ ನೋಡಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ, ಡಾಕ್ಟರಿಗೂ ತೋರಿಸಬಹುದು.

ಪೂರ್ತಿ ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಒಸಡು ತಿಳಿ ಗುಲಾಬಿ ಬಣ್ಣ ಇರಬೇಕು. ಕೆಲವು ನಾಯಿಗಳ ಒಸಡಿನಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತವೆ, ಅದು ರೋಗವಲ್ಲ. ಬೆರಳಿನಿಂದ ಒಸಡು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಒಸಡು ಪೂರ್ತಿ ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಹಲ್ಲಿನ ವಿಚಾರ ಬಿಟ್ಟು ತಕ್ಷಣ ದವಾಖಾನೆಗೆ ನಡೆಯಿರಿ.

## ಬಾಯಿ ವಾಸನೆ

"ನಾಯಿ ಅಂದಮೇಲೆ ಬಾಯಿ ನಾರುತ್ತದೆ" ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಆರೋಗ್ಯದ ಬಾಯಿಗೆ ತಿಂದ ಊಟದ ವಾಸನೆ ಇರಬಹುದು, ಕೊಳೆತ ವಾಸನೆ ಇರುವುದಿಲ್ಲ.

ಏನಾದರೂ ಕೊಳೆತದ್ದು ತಿಂದಿತಾ ಅಂತ ಮೊದಲು ಯೋಚಿಸಿ. ಹಾಗಿದ್ದರೆ ಒಂದೆರಡು ದಿನಕ್ಕೆ ಹೋಗುತ್ತದೆ. ಹೋಗಲಿಲ್ಲವಾ, ತುಟಿ ಎತ್ತಿ. ಹಲ್ಲಿನ ಬುಡದಲ್ಲಿ, ಒಸಡು ಸೇರುವ ಕಡೆ, ತೆಳ್ಳಗೆ ಕೆಂಪು ಗೆರೆ ಕಂಡರೆ ಅದು ಒಸಡಿನ ಉರಿಯೂತದ ಶುರು. ಈ ಹಂತದಲ್ಲಿ ಹಲ್ಲು ಸ್ವಚ್ಛ ಆದರೆ ಒಸಡು ಮೊದಲಿನಂತಾಗುತ್ತದೆ. ಹಳದಿ, ಕಂದು ಬಣ್ಣದ ಗಾರೆ ಅಂಟಿದ್ದರೆ ಅದಕ್ಕೆ ಡಾಕ್ಟರು ಟಾರ್ಟರ್ ಅನ್ನುತ್ತಾರೆ. ಹಲ್ಲಿನ ಮೇಲೆ ದಿನಾ ಕೂರುವ ಅಂಟು ಪದರ, ಜೊಲ್ಲಿನ ಲವಣ ಸೇರಿ, ಎರಡು ಮೂರು ದಿನದಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಬ್ರಷ್‌ಗೆ ಬರುವುದಿಲ್ಲ.

ಉಗುರಿನಿಂದಲೋ ಚಾಕುವಿನಿಂದಲೋ ಅದನ್ನು ಕೆರೆಯಬೇಡಿ. ಹಲ್ಲಿನ ಮೇಲ್ಪದರ ಗೀರಿದರೆ ಗಾರೆ ಇನ್ನೂ ಬೇಗ ಅಂಟುತ್ತದೆ. ಅಲ್ಲದೆ ನಿಜವಾದ ಹಾನಿ ನಡೆಯುವುದು ಕಣ್ಣಿಗೆ ಕಾಣದ ಕಡೆ, ಒಸಡಿನ ಒಳಗೆ. ಅಲ್ಲಿ ಎಲುಬು ಕರಗುತ್ತಾ ಹೋಗುತ್ತದೆ. ಹಾಗೆ ಕರಗಿದ ಎಲುಬು ತಿರುಗಿ ಬರುವುದಿಲ್ಲ. ಪಮ್ಮಿಯಂಥ ಸಣ್ಣ ಜಾತಿಯ ನಾಯಿಗಳಲ್ಲಿ ದವಡೆ ಎಷ್ಟು ತೆಳುವಾಗುತ್ತದೆ ಅಂದರೆ, ಸಣ್ಣ ಪೆಟ್ಟಿಗೂ ಮುರಿಯಬಹುದು.

ಹಲ್ಲು ಚೆನ್ನಾಗಿದ್ದೂ ವಾಸನೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಮೂತ್ರದಂಥ ವಾಸನೆ, ಜೊತೆಗೆ ನೀರು ಜಾಸ್ತಿ ಕುಡಿಯುವುದು, ಸೊರಗುವುದು ಇದ್ದರೆ ಕಿಡ್ನಿಯ ಕಡೆ ಅನುಮಾನ. ಸಿಹಿಸಿಹಿ ವಾಸನೆ, ವಾಂತಿ, ಸುಸ್ತು ಇದ್ದರೆ ಸಕ್ಕರೆ ಕಾಯಿಲೆ ಕೈಮೀರಿರಬಹುದು. ಅದು ಅವತ್ತೇ ನೋಡಬೇಕಾದ ವಿಚಾರ.

## ಒಂದೇ ಕಡೆ ಅಗಿಯುವುದು, ತುತ್ತು ಬೀಳಿಸುವುದು

ಊಟದ ಹೊತ್ತಿಗೆ ಎರಡು ನಿಮಿಷ ಕೂತು ನೋಡಿ. ತಲೆ ಒಂದು ಕಡೆಗೆ ವಾಲಿಸುತ್ತದೆಯಾ? ತುತ್ತು ಬಾಯಿಂದ ಉದುರುತ್ತದೆಯಾ? ಗಟ್ಟಿ ರೊಟ್ಟಿ ಬಿಟ್ಟು ಬರೀ ಮಜ್ಜಿಗೆ ಅನ್ನ ತಿನ್ನುತ್ತದೆಯಾ? ಹಗ್ಗ ಕಚ್ಚಿ ಆಡುತ್ತಿದ್ದ ನಾಯಿ ಆಟ ಬಿಟ್ಟಿದೆಯಾ? ಇವೆಲ್ಲ ಹಲ್ಲು ನೋವಿನ ಗುರುತು.

ಈಗ ಎಡ ಬಲ ಹೋಲಿಸಿ. ಅಗಿಯದ ಕಡೆ ಗಾರೆ ಜಾಸ್ತಿ ಇರುತ್ತದೆ, ನೋವೂ ಆ ಕಡೆಯೇ ಇರುವ ಸಾಧ್ಯತೆ ಹೆಚ್ಚು. ಮುರಿದ ಹಲ್ಲು ಕಂಡರೆ ಮುರಿದ ಜಾಗದ ನಡುವೆ ನೋಡಿ. ಕೆಂಪು ಅಥವಾ ಕಪ್ಪು ಚುಕ್ಕೆ ಇದ್ದರೆ ಹಲ್ಲಿನ ಒಳಗಿನ ನರದ ತನಕ ತೆರೆದಿದೆ ಅಂತ ತಿಳಿಯಬೇಕು. ಅದನ್ನು ಹಾಗೇ ಬಿಡುವಂತಿಲ್ಲ. ರೂಟ್ ಕೆನಾಲ್ ಆಗಬೇಕು, ಇಲ್ಲವೇ ಕೀಳಬೇಕು. ಮುರಿಯದೆಯೇ ಒಂದು ಹಲ್ಲು ಮಾತ್ರ ನೇರಳೆ ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಒಳಗೆ ಸತ್ತಿರುವ ಸಾಧ್ಯತೆ ಜಾಸ್ತಿ.

ಹಲ್ಲು ಯಾಕೆ ಮುರಿಯುತ್ತದೆ? ನಮ್ಮ ಊರುಗಳಲ್ಲಿ ಮುಖ್ಯವಾಗಿ ಎರಡು ಕಾರಣ. ಒಂದು, ಕುರಿ ಕಾಲಿನ ಗಟ್ಟಿ ಎಲುಬು. ಇನ್ನೊಂದು, ಕಲ್ಲು. ಬಳ್ಳಾರಿ, ಕೊಪ್ಪಳದ ಕಡೆ ಅಂಗಳದಲ್ಲಿ ಕಲ್ಲಿಗೆ ಬರ ಇಲ್ಲ. ಹುಡುಗರು ಎಸೆದ ಕಲ್ಲನ್ನು ಹಿಡಿದು ತರುವುದು ನಾಯಿಗೆ ಆಟ. ಎಲುಬು ಹಲ್ಲು ಸ್ವಚ್ಛ ಮಾಡುತ್ತದೆ ಅಂತ ನಾನೂ ನಂಬಿದ್ದೆ. ರಾಜನ ಹಲ್ಲು ಸೀಳಿದ್ದು ಅದರಿಂದಲೇ. ಬೇಯಿಸಿದ ಎಲುಬಂತೂ ಚೂಪಾಗಿ ಸೀಳಿ ಕರುಳಿಗೂ ಚುಚ್ಚಬಹುದು. ಒಂದು ಸುಲಭ ಪರೀಕ್ಷೆ ಇದೆ: ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಮೂಡದಷ್ಟು ಗಟ್ಟಿ ವಸ್ತುವನ್ನು ಅಗಿಯಲು ಕೊಡಬೇಡಿ.

ಒಣಗಿದ ಕಟಕ ರೊಟ್ಟಿ ಕೊಟ್ಟರೆ ಹಲ್ಲು ಉಜ್ಜಿದಂತಾಗುತ್ತದೆ ಅನ್ನುವವರೂ ಇದ್ದಾರೆ. ರೊಟ್ಟಿ ಹಲ್ಲಿನ ತುದಿ ತಾಗಿದ ಕೂಡಲೇ ಮುರಿಯುತ್ತದೆ, ಬುಡಕ್ಕೆ ಮುಟ್ಟುವುದೇ ಇಲ್ಲ. ಹೊಟ್ಟೆಗೆ ಹಾಕಿ, ತಪ್ಪಿಲ್ಲ. ಬ್ರಷ್‌ನ ಲೆಕ್ಕಕ್ಕೆ ಹಿಡಿಯಬೇಡಿ.

## ಕಣ್ಣಿನ ಕೆಳಗೆ ಊತ

ನಾಯಿಯ ಮೇಲ್ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಹಲ್ಲಿಗೆ ಮೂರು ಬೇರು. ಆ ಬೇರುಗಳು ಕಣ್ಣಿನ ಕೆಳಗಿನ ತನಕ ಹೋಗುತ್ತವೆ. ಬೇರಿನಲ್ಲಿ ಕೀವಾದರೆ ಊತ ಕೆನ್ನೆಯ ಮೇಲೆ, ಕಣ್ಣಿನ ಸ್ವಲ್ಪ ಕೆಳಗೆ ಕಾಣುತ್ತದೆ. ಕೆಲವು ಸಲ ಅಲ್ಲೇ ಒಡೆದು ಸಣ್ಣ ತೂತು ಬಿದ್ದು ಕೀವು ಜಿನುಗುತ್ತದೆ.

ಮುಳ್ಳು, ಜೇನುಹುಳ, ಬೇರೆ ನಾಯಿಯ ಕಡಿತ ಇವೂ ಊತ ತರುತ್ತವೆ. ಜೇನು ಕಚ್ಚಿದ್ದು ಕೆಲವೇ ನಿಮಿಷದಲ್ಲಿ ಉಬ್ಬುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕಡಿತವಾದರೆ ಕೂದಲು ಸರಿಸಿದಾಗ ಹಲ್ಲಿನ ಗುರುತು ಸಿಗುತ್ತದೆ. ಊತ ಇಳಿದು ಅದೇ ಜಾಗದಲ್ಲಿ ಮತ್ತೆ ಬಂತು ಅಂದರೆ ಹಲ್ಲನ್ನೇ ಅನುಮಾನಿಸಿ. ಆಂಟಿಬಯೋಟಿಕ್‌ಗೆ ಕೀವು ಕಡಿಮೆಯಾಗುತ್ತದೆ, ಆದರೆ ಸತ್ತ ಹಲ್ಲು ಅಲ್ಲೇ ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಮೂರು ಸಲ ಊತ ಬಂದದ್ದು ಇದಕ್ಕೇ. ಎರಡನೇ ಸಲ ಊತ ಬಂದಾಗಲೇ "ಡಾಕ್ಟ್ರೇ, ಬಾಯಿ ಒಳಗೊಮ್ಮೆ ನೋಡ್ರಿ" ಅಂತ ನಾನೇ ಕೇಳಬೇಕಿತ್ತು. ನೀವು ಸಂಕೋಚ ಇಲ್ಲದೆ ಕೇಳಿ.

ಇದಕ್ಕೇ ಹತ್ತಿರದ ಇನ್ನೊಂದು ಲಕ್ಷಣ ಸೀನು. ಸಣ್ಣ ಜಾತಿಯ ವಯಸ್ಸಾದ ನಾಯಿ ಪದೇ ಪದೇ ಸೀನುತ್ತಿದ್ದು, ಮೂಗಿನ ಒಂದೇ ಹೊಳ್ಳೆಯಿಂದ ಸುರಿಯುತ್ತಿದ್ದರೆ, ಮೇಲಿನ ಕೋರೆಹಲ್ಲಿನ ಬೇರಿನಿಂದ ಮೂಗಿಗೆ ತೂತು ಬಿದ್ದಿರಬಹುದು.

ಊತ ಬಿಸಿಯಾಗಿ ಕಣ್ಣು ಮುಚ್ಚುವಷ್ಟು ಬೆಳೆದಿದ್ದರೆ, ಕಣ್ಣುಗುಡ್ಡೆ ಹೊರಗೆ ತಳ್ಳಿದಂತೆ ಕಂಡರೆ, ಕಾಯಬೇಡಿ. ಮನೆಯಲ್ಲಿ ಸೂಜಿ ಹಾಕಿ ಕೀವು ತೆಗೆಯುವ ಕೆಲಸ ಬೇಡವೇ ಬೇಡ.

## ಒಸಡಿನಿಂದ ರಕ್ತ

ಗಾರೆ ಇರುವ ಹಲ್ಲಿನ ಬುಡದಲ್ಲಿ, ಬ್ರಷ್ ತಾಗಿದಾಗ ಒಂದು ಹನಿ ರಕ್ತ ಬಂದರೆ ಅದು ಒಸಡಿನ ಕಾಯಿಲೆ. ಹಲ್ಲು ಸ್ವಚ್ಛವಾಗಿದ್ದೂ ರಕ್ತ ಬರುತ್ತಿದ್ದರೆ ದಾರಿಯೇ ಬೇರೆ.

ಮೈ ಮೇಲೆ ಉಣ್ಣಿ ಹುಡುಕಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ನೋಡಿ. ಉಣ್ಣಿ ಜ್ವರ ಬಂದ ನಾಯಿಯ ರಕ್ತ ಹೆಪ್ಪುಗಟ್ಟುವುದು ಕಷ್ಟ. ಒಸಡು ಬಿಳಿಚುತ್ತದೆ, ಅದರ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಏಳುತ್ತವೆ. ಮೂಗಿನಿಂದಲೂ ರಕ್ತ ಬರಬಹುದು.

ಆಮೇಲೆ ಇಲಿ ಪಾಷಾಣ. ಸಿಂಧನೂರು, ಗಂಗಾವತಿ ಕಡೆ ಭತ್ತದ ಗೋದಾಮು, ಅಕ್ಕಿ ಗಿರಣಿಗಳ ಹತ್ತಿರ ಸಾಕಿದ ನಾಯಿ, ಬೆಕ್ಕುಗಳ ವಿಷಯದಲ್ಲಿ ಇದನ್ನು ಮರೆಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ದಿನವೇ ಏನೂ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ರಕ್ತ ಶುರುವಾಗುತ್ತದೆ. ಪಾಷಾಣದ ಪೊಟ್ಟಣ ಸಿಕ್ಕರೆ ಜೊತೆಗೇ ಒಯ್ಯಿರಿ. ಯಾವ ಜಾತಿಯ ವಿಷ ಅಂತ ತಿಳಿದರೆ ಮದ್ದು ಬೇಗ ಶುರುವಾಗುತ್ತದೆ.

ಇವೆರಡರಲ್ಲಿ ಯಾವ ಅನುಮಾನ ಇದ್ದರೂ ರಕ್ತ ಪರೀಕ್ಷೆ ಆಗದೆ ಹಲ್ಲು ಕೀಳಿಸಬೇಡಿ, ಸ್ವಚ್ಛವೂ ಮಾಡಿಸಬೇಡಿ. ರಕ್ತ ನಿಲ್ಲದೆ ಜೀವಕ್ಕೇ ಕುತ್ತು ಬರಬಹುದು.

## ಒಮ್ಮೆಲೇ ಜೊಲ್ಲು, ಕಾಲಿನಿಂದ ಬಾಯಿ ಕೆರೆಯುವುದು

ರೇಬೀಸ್ ಅನುಮಾನ ಇಲ್ಲ ಅಂತ ಖಾತ್ರಿ ಆದ ಮೇಲೆ ಸುತ್ತಮುತ್ತ ನೋಡಿ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಔಷಧ ಹೊಡೆದ ದಿನವಾ? ಜೊಲ್ಲಿನ ಜೊತೆ ಮೈ ನಡುಕ, ಕಣ್ಣಿನ ಪಾಪೆ ಸಣ್ಣದಾಗುವುದು, ವಾಂತಿ, ಭೇದಿ ಇದ್ದರೆ ಅದು ಕೀಟನಾಶಕದ ವಿಷ. ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿ ಹಿಡಿದುಕೊಂಡು ಓಡಿ. ಮೈಗೆ ಸಿಡಿದಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ. ಸುಡುವ ಮಧ್ಯಾಹ್ನದಲ್ಲಿ ತೇಕು ನಿಲ್ಲದೆ, ಒಸಡು ಗಾಢ ಕೆಂಪಾಗಿ, ನಾಯಿ ತೂರಾಡಿದರೆ ಬಿಸಿಲು ಬಡಿದಿದೆ. ನೆರಳಿಗೆ ತಂದು ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ದವಾಖಾನೆಗೆ ಸಾಗಿಸಿ.

ಇವೆರಡೂ ಅಲ್ಲ, ನಾಯಿ ಚುರುಕಾಗಿದೆ, ಬಾಯಿ ಮಾತ್ರ ಕೆರೆಯುತ್ತಿದೆ ಅಂದರೆ ಏನೋ ಸಿಕ್ಕಿಕೊಂಡಿದೆ. ಎಲುಬಿನ ಚೂರು ಮೇಲಿನ ಎರಡು ಬದಿಯ ಹಲ್ಲುಗಳ ನಡುವೆ, ಅಂಗುಳಿಗೆ ಅಡ್ಡವಾಗಿ ಕೂತಿರುತ್ತದೆ. ಉಂಗುರದಂಥ ಎಲುಬಾದರೆ ಕೆಳದವಡೆಗೆ ಸುತ್ತಿ ಕೋರೆಹಲ್ಲಿನ ಹಿಂದೆ ಸಿಕ್ಕಿಬೀಳುತ್ತದೆ. ಕಣ್ಣಿಗೆ ಕಾಣುತ್ತಿದ್ದು, ನಾಯಿ ಬಿಡುವಂತಿದ್ದರೆ, ಚಮಚದ ಹಿಡಿಯಿಂದ ಒಂದು ಸಲ ಮೆಲ್ಲಗೆ ಸರಿಸಿ ನೋಡಿ. ಬರಲಿಲ್ಲವಾ, ಬಿಡಿ. ಅಮಲು ಬರಿಸಿ ತೆಗೆಯುವುದು ಡಾಕ್ಟರಿಗೆ ಸಣ್ಣ ಕೆಲಸ.

ಬೆಕ್ಕಿನ ವಿಷಯದಲ್ಲಿ ನಾಲಿಗೆ ಎತ್ತಿ ಅದರ ಕೆಳಗೆ ನೋಡುವುದನ್ನು ಮರೆಯಬೇಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ನೆಲದ ತುಂಬ ದಾರದ ತುಂಡು. ಬೆಕ್ಕಿಗೆ ದಾರ ಅಂದರೆ ಪ್ರಾಣ. ದಾರದ ಒಂದು ಮಡಿಕೆ ನಾಲಿಗೆ ಬುಡಕ್ಕೆ ಸುತ್ತಿಕೊಂಡು ಉಳಿದದ್ದು ಕರುಳಿಗೆ ಇಳಿದಿರುತ್ತದೆ. ಕಂಡ ದಾರವನ್ನು ಎಳೆದರೆ ಒಳಗೆ ಕರುಳು ಕೊಯ್ದುಹೋಗುತ್ತದೆ. ಎಳೆಯಬೇಡಿ, ಕತ್ತರಿಸಲೂ ಬೇಡಿ. ಹಾಗೇ ಎತ್ತಿಕೊಂಡು ಹೋಗಿ.

## ಬೆಕ್ಕು ತಟ್ಟೆಯ ತನಕ ಬಂದು ಹಿಂದೆ ಸರಿಯುವುದು

ಹಸಿವಿದೆ, ಮ್ಯಾಂವ್ ಅನ್ನುತ್ತದೆ, ತಟ್ಟೆ ಮೂಸುತ್ತದೆ. ಒಂದು ತುತ್ತು ಬಾಯಿಗೆ ಹಾಕಿ ಚೀರಿ ಓಡುತ್ತದೆ. ಇದನ್ನು "ಜಂಬ" ಅಂತ ಕರೆಯುತ್ತೇವೆ. ಅದು ನೋವು. ಮೈ ನೆಕ್ಕಿಕೊಳ್ಳುವುದು ನಿಂತು ಕೂದಲು ಗಂಟು ಕಟ್ಟಿದ್ದರೆ ನೋವು ಬಹಳ ದಿನದ್ದು.

ಬೆಕ್ಕಿಗೆ ಎರಡು ಕಾಯಿಲೆ ಬಹಳ ಕಾಡುತ್ತವೆ. ಒಂದರಲ್ಲಿ ಹಲ್ಲು ಬುಡದಿಂದ ತಾನೇ ಕರಗುತ್ತಾ ಹೋಗುತ್ತದೆ. ಹಲ್ಲಿನ ಬುಡದಲ್ಲಿ ಕೆಂಪು ಮಾಂಸ ಬೆಳೆದು ತೂತು ಮುಚ್ಚಿದಂತೆ ಕಾಣುತ್ತದೆ. ಇದರ ಪೂರ್ತಿ ಅಳತೆ ತಿಳಿಯಲು ಎಕ್ಸ್‌ರೇ ಬೇಕು, ಮದ್ದಿನಿಂದ ಹೋಗುವುದಿಲ್ಲ, ಹಲ್ಲು ತೆಗೆಯಬೇಕು. ಇನ್ನೊಂದು ಬಾಯಿಯ ಹಿಂಭಾಗವೆಲ್ಲ ಹಸಿ ಗಾಯದಂತೆ ಕೆಂಪಾಗುವುದು. ಹಲ್ಲಿನ ಮೇಲಿನ ಅಂಟು ಪದರಕ್ಕೇ ದೇಹ ತಿರುಗಿಬೀಳುವ ಕಾಯಿಲೆ ಇದು. ಇದರ ಜೊತೆ ವೈರಸ್ ಸೋಂಕು ಇದೆಯಾ ಅಂತಲೂ ಪರೀಕ್ಷೆ ಮಾಡಿಸುತ್ತಾರೆ. ಮದ್ದಿಗೆ ಬಗ್ಗದಿದ್ದರೆ ದವಡೆ ಹಲ್ಲುಗಳನ್ನೆಲ್ಲ, ಕೆಲವೊಮ್ಮೆ ಪೂರ್ತಿ ಹಲ್ಲುಗಳನ್ನು ತೆಗೆಯುತ್ತಾರೆ. ಕೇಳಿದರೆ ಎದೆ ಝಲ್ ಅನ್ನುತ್ತದೆ, ಗೊತ್ತು. ಆದರೆ ಹಾಗೆ ತೆಗೆಸಿದ ಬಹಳಷ್ಟು ಬೆಕ್ಕುಗಳು ಆಮೇಲೆ ಮೆತ್ತಗಿನ ಊಟ ಮಾಡಿ ಆರಾಮಾಗಿರುತ್ತವೆ.

ಬೆಕ್ಕು ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ಹೇಳಿ. ಎರಡು ದಿನ ದಾಟಿಸಬೇಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯ ಆಗುತ್ತದೆ.

## ಮರಿಗಳ ಹಲ್ಲು, ಹಲ್ಲಿನ ಮೇಲಿನ ಕಲೆ

ಮೂರೂವರೆಯಿಂದ ಆರೇಳು ತಿಂಗಳೊಳಗೆ ಹಾಲು ಹಲ್ಲು ಬೀಳುತ್ತವೆ. ಮರಿ ಕಚ್ಚಿದ ಚಪ್ಪಲಿಯ ಮೇಲೆ ಒಂದು ಹನಿ ರಕ್ತ ಕಂಡರೆ ಗಾಬರಿ ಬೇಡ. ಹೊಸ ಕೋರೆಹಲ್ಲು ಬಂದರೂ ಹಳೆಯದು ಪಕ್ಕದಲ್ಲೇ ನಿಂತಿದ್ದರೆ ಮಾತ್ರ ತೋರಿಸಿ. ಒಂದೇ ಜಾಗದಲ್ಲಿ ಎರಡು ಹಲ್ಲು ಇರಬಾರದು. ಹಾಲು ಹಲ್ಲನ್ನು ನೀವೇ ಅಲ್ಲಾಡಿಸಿ ಕೀಳಬೇಡಿ, ಬೇರು ಒಳಗೇ ಮುರಿಯುತ್ತದೆ.

ಕೆರೆದರೂ ಹೋಗದ ಕಂದು ಕಲೆ, ಗುಳಿ ಇರುವ ಹಲ್ಲು ಬೇರೆ ವಿಚಾರ. ಮರಿಯಾಗಿದ್ದಾಗ ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದು ಬದುಕಿದ ನಾಯಿಗೆ ಹೀಗಾಗುತ್ತದೆ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಅದು ಬಿಡುವ ಕಲೆ ನಾವೆಲ್ಲ ಕಂಡಿದ್ದೇವೆ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಮರಿಗೂ ಅದೇ ನೀರು ಕೊಡಿ.

ಚಿಕ್ಕ ವಯಸ್ಸಿನ ನಾಯಿಯ ತುಟಿಯಲ್ಲಿ ಹೂಕೋಸಿನಂಥ ಗುಳ್ಳೆಗಳೆದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾವೇ ಉದುರುತ್ತವೆ. ವಯಸ್ಸಾದ ಪ್ರಾಣಿಯ ಒಸಡಿನಲ್ಲಿ ಒಂದೇ ಕಡೆ ಬೆಳೆಯುವ ಗಂಟು ಹಾಗಲ್ಲ. ಅದು ಕ್ಯಾನ್ಸರ್ ಇರಬಹುದು. ವಾರದೊಳಗೆ ತೋರಿಸಿ.

## ಕೊಡಬಾರದ ಮದ್ದುಗಳು

ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು, ಬೆಕ್ಕು ಸಾಯಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಲವಂಗದ ಎಣ್ಣೆ ನಮಗೆ ಹಿತ, ಬೆಕ್ಕಿಗೆ ವಿಷ. ತಂಬಾಕು, ಸುಣ್ಣ ಒತ್ತುವುದಂತೂ ಬೇಡ. ನಮ್ಮ ಟೂತ್‌ಪೇಸ್ಟ್ ಕೂಡ ಬೇಡ, ಯಾಕೆಂದರೆ ನಾಯಿ, ಬೆಕ್ಕು ಅದನ್ನು ಉಗುಳುವುದಿಲ್ಲ, ನುಂಗುತ್ತವೆ. ಕೆಲವು ಪೇಸ್ಟ್‌ಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿ ನಾಯಿಗೆ ಪ್ರಾಣಾಪಾಯ.

## ಡಾಕ್ಟರ ಹತ್ತಿರ ಹೋದಾಗ

ಹಲ್ಲು ಸ್ವಚ್ಛ ಮಾಡುವುದು ಅರಿವಳಿಕೆ ಕೊಟ್ಟೇ ಆಗಬೇಕು. ಎಚ್ಚರ ಇರುವಾಗ ಹಿಡಿದು ಕೆರೆದರೆ ಮೇಲಿನ ಗಾರೆ ಹೋಗಿ ಹಲ್ಲು ಬೆಳ್ಳಗೆ ಕಾಣುತ್ತದೆ, ಒಸಡಿನೊಳಗಿನ ಕೊಳೆ ಹಾಗೇ ಉಳಿಯುತ್ತದೆ. ಅರಿವಳಿಕೆಗೆ ಮುಂಚೆ ರಕ್ತ ಪರೀಕ್ಷೆ ಮಾಡುತ್ತೀರಾ, ಎಕ್ಸ್‌ರೇ ಇದೆಯಾ, ಕೆರೆದ ಮೇಲೆ ಪಾಲಿಶ್ ಮಾಡುತ್ತೀರಾ, ನೋವಿಗೆ ಏನು ಕೊಡುತ್ತೀರಿ ಅಂತ ಕೇಳಿ. ಎಷ್ಟು ಗಂಟೆ ಉಪವಾಸ ಅಂತ ಅವರೇ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಮೊದಲ ಸರದಿ ಕೇಳಿಕೊಳ್ಳಿ. ಅರಿವಳಿಕೆಯ ಅಮಲು ಇಳಿಯದ ನಾಯಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಆಟೋದಲ್ಲಿ ತರುವುದು ಒಳ್ಳೆಯದಲ್ಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಇದು ಇನ್ನೂ ಮುಖ್ಯ.

ಊರಿನ ದನದ ದವಾಖಾನೆಯಿಂದಲೇ ಶುರು ಮಾಡಿ. ಅಲ್ಲಿ ಹಲ್ಲಿನ ಕೆಲಸ ಆಗದಿದ್ದರೆ ಮುಂದೆ ಎಲ್ಲಿಗೆ ಅಂತ ಅವರೇ ಬರೆದುಕೊಡುತ್ತಾರೆ. ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಕೊಪ್ಪಳದವರಿಗೆ ಗದಗದ ಕಾಲೇಜು ಹತ್ತಿರ. ರಾಯಚೂರಿನವರು ಹೈದರಾಬಾದ್‌ಗೂ ಹೋಗುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿದರೆ ದೂರದ ಪ್ರಯಾಣ ವ್ಯರ್ಥ ಆಗುವುದಿಲ್ಲ.

ಹಲ್ಲು ಕಿತ್ತರೆ ಹೇಗೆ ಉಣ್ಣುತ್ತದೆ ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ. ರಾಜ ಮಾರನೇ ದಿನವೇ ಮೆತ್ತಗಿನ ಅನ್ನ ಉಂಡಿತು. ಹದಿನೈದು ದಿನದೊಳಗೆ, ಎಷ್ಟೋ ತಿಂಗಳಿನಿಂದ ಮೂಸದೇ ಬಿಟ್ಟಿದ್ದ ಹಗ್ಗವನ್ನು ಕಚ್ಚಿಕೊಂಡು ನನ್ನ ಮುಂದೆ ಬಂದು ನಿಂತಿತು.

## ದಿನದ ಬ್ರಷ್

ಮಕ್ಕಳ ಮೆತ್ತಗಿನ ಬ್ರಷ್ ಸಾಕು. ಪೇಸ್ಟ್ ಬೇಕಿದ್ದರೆ ಪ್ರಾಣಿಗಳದ್ದೇ ತನ್ನಿ, ಇಲ್ಲದಿದ್ದರೆ ಬರೀ ನೀರು. ಮೊದಲ ವಾರ ಬೆರಳಿನಿಂದ ತುಟಿ ಎತ್ತಿ ಬಿಡಿ, ಅಷ್ಟೇ. ಎರಡನೇ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲು ಒರೆಸಿ. ಆಮೇಲೆ ಬ್ರಷ್. ಒಸಡಿನ ಅಂಚಿಗೆ ಸ್ವಲ್ಪ ಓರೆಯಾಗಿ ಹಿಡಿದು ಹೊರಬದಿ ಮಾತ್ರ ಉಜ್ಜಿ. ಒಳಬದಿಗೆ ಹೋಗಿ ಗುದ್ದಾಡಬೇಡಿ. ದಿನಾ ಒಂದು ನಿಮಿಷ ಆದರೆ ಚಲೋ, ವಾರಕ್ಕೆ ಮೂರು ದಿನಕ್ಕಿಂತ ಕಡಿಮೆ ಆದರೆ ಗಾರೆ ಕಟ್ಟೇ ಕಟ್ಟುತ್ತದೆ. ಬೇವಿನ ಕಡ್ಡಿ, ಇದ್ದಿಲು, ಉಪ್ಪು ಒಸಡನ್ನು ತರಚುತ್ತವೆ.

ಹಲ್ಲು ಬದಲಾಗುತ್ತಿರುವ ಮರಿಗೆ ಬಾಯಿ ನೋಯುವಾಗ ಬ್ರಷ್ ಬೇಡ. ಈಗಷ್ಟೇ ಹಲ್ಲು ಕೀಳಿಸಿದ ನಾಯಿಗೂ ಡಾಕ್ಟರು ಹೇಳುವ ತನಕ ಬೇಡ. ಆ ದಿನಗಳಲ್ಲಿ ತುಟಿ ಮುಟ್ಟಿ, ತಿನಿಸು ಕೊಟ್ಟು, ಅಭ್ಯಾಸ ತಪ್ಪದಂತೆ ನೋಡಿಕೊಂಡರೆ ಸಾಕು.